ಕಿವಿ ಹಿಂಡುವ ಮುನ್ನ

ಮನೆಯಲ್ಲೇ ಪ್ರಿಆಂಪ್ಲಿಫೈಯರ್ ಕಟ್ಟುವುದು ಜನ ತಿಳಿದಷ್ಟು ದೊಡ್ಡ ಕೆಲಸವೇನಲ್ಲ. ಎನ್‌ಇ5532 ಎಂಬ ಎಂಟು ಕಾಲಿನ ಚಿಪ್ಪು ಒಂದು ಮಸಾಲೆದೋಸೆಯ ಬೆಲೆಗಿಂತ ಕಡಿಮೆಗೆ ಸಿಗುತ್ತದೆ. ಅದರ ಸುತ್ತ ಹತ್ತಾರು ರೆಸಿಸ್ಟರು, ನಾಲ್ಕಾರು ಕೆಪಾಸಿಟರು, ಒಂದು ಪುಟ್ಟ ಟ್ರಾನ್ಸ್‌ಫಾರ್ಮರು, ಎಲ್ಲಕ್ಕೂ ಒಂದು ತಗಡಿನ ಡಬ್ಬಿ. ಸೋಲ್ಡರಿಂಗ್ ಕಡ್ಡಿ ಹಿಡಿದ ಕೈ ನಡುಗದಿದ್ದರೆ ಎರಡು ಭಾನುವಾರಗಳಲ್ಲಿ ಹಾಡು ಹೊರಡುತ್ತದೆ. ಆಮೇಲೆ ಡಬ್ಬಿಯ ಮುಖಕ್ಕೆ ಒಂದು ತೂತು ಕೊರೆಯಬೇಕು. ಆ ತೂತಿನಲ್ಲಿ ವಾಲ್ಯೂಮ್ ಕೂರಬೇಕು. ಯಾವ ವಾಲ್ಯೂಮ್ ಎಂಬ ಪ್ರಶ್ನೆ ಎದ್ದಿತೋ, ಅಲ್ಲಿಗೆ ಭಾನುವಾರಗಳ ಲೆಕ್ಕ ತಪ್ಪಿತು. ನನ್ನ ಪರಿಚಯದ ಹವ್ಯಾಸಿಯೊಬ್ಬರು ಮಗಳಿಗೆ ವರ ನೋಡಿ, ಮದುವೆ ಮಾಡಿ, ಮೊಮ್ಮಗನ ನಾಮಕರಣವನ್ನೂ ಮುಗಿಸಿದರು. ಅವರ ಪ್ರಿಆಂಪಿನ ಮುಖದಲ್ಲಿ ಇನ್ನೂ ತೂತು ಮಾತ್ರ ಇದೆ.

ಹೆಸರಿಗೆ ಅದು ಆಂಪ್ಲಿಫೈಯರು. ಮಾಡುವುದು ಹೆಚ್ಚುಪಾಲು ತಗ್ಗಿಸುವ ಕೆಲಸ. ಲೆಕ್ಕ ಬೇಡವೆನ್ನುವವರು ಈ ನಾಲ್ಕು ಸಾಲನ್ನು ದಾಟಿಕೊಳ್ಳಬಹುದು. ಸಿ.ಡಿ. ಪ್ಲೇಯರು ಪೂರ್ತಿ ದನಿಯಲ್ಲಿ 2 ವೋಲ್ಟ್ ಕೊಡುತ್ತದೆ. ಮನೆಗೆ ತಕ್ಕ ಪವರ್ ಆಂಪ್ಲಿಫೈಯರು ತನಗೆ ಬಂದದ್ದನ್ನು ಸುಮಾರು 25 ಪಟ್ಟು ಹಿಗ್ಗಿಸುತ್ತದೆ. 8 ಓಮಿನ ಸ್ಪೀಕರಿಗೆ ಅದು ತನ್ನ ಇಡೀ 50 ವಾಟ್ ಸುರಿಯಬೇಕಾದರೂ ಒಳಗೆ ಬರಬೇಕಾದ್ದು 0.8 ವೋಲ್ಟ್ ಮಾತ್ರ. ಅಂದರೆ ಎರಡನ್ನೂ ನೇರ ಜೋಡಿಸಿದರೇ ಬೇಕಾದ್ದಕ್ಕಿಂತ ಎರಡೂವರೆ ಪಟ್ಟು ಹೆಚ್ಚಾಯಿತು. ಅಷ್ಟಿದ್ದರೂ ನಾವು ನಡುವೆ ಪ್ರಿಆಂಪ್ ಇಟ್ಟು ಇನ್ನೊಂದಿಷ್ಟು ಹಿಗ್ಗಿಸುತ್ತೇವೆ. ಹಿಗ್ಗಿಸಿದ್ದನ್ನೆಲ್ಲ ಕುಗ್ಗಿಸಲು ಒಂದು ಗುಂಡಿ ಇಡುತ್ತೇವೆ. ಆ ಗುಂಡಿ ಯಾವುದಿರಬೇಕೆಂದು ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ.

ಹಿಂದಿನವರಿಗೆ ಈ ತಾಪತ್ರಯ ಇರಲಿಲ್ಲ. ಅಮೆರಿಕದ ವಿಕ್ಟರ್ ಕಂಪನಿ 1906ರಲ್ಲಿ ತಂದ ವಿಕ್ಟ್ರೋಲಾ ಎಂಬ ಗ್ರಾಮಫೋನಿನಲ್ಲಿ ಕೊಂಬು ಪೆಟ್ಟಿಗೆಯೊಳಗೇ ಅಡಗಿತ್ತು, ಅದರ ಮುಂದೆ ಬಾಗಿಲುಗಳಿದ್ದವು. ಜೋರಾಗಿ ಬೇಕೆಂದರೆ ಬಾಗಿಲು ತೆರೆ, ಮೆಲ್ಲಗೆ ಬೇಕೆಂದರೆ ಮುಚ್ಚು. ಮುಳ್ಳುಗಳಲ್ಲೂ ಜೋರಿನದು ಬೇರೆ, ಮೆದುವಿನದು ಬೇರೆ. ಸವೆತವಿಲ್ಲ, ಕರಕರವಿಲ್ಲ, ಎಡಕ್ಕೂ ಬಲಕ್ಕೂ ಜಗಳವಿಲ್ಲ. ನಮ್ಮ ಮನೆಯಲ್ಲಿ ಇಂದಿಗೂ ಇದೇ ಪದ್ಧತಿ ಜಾರಿಯಲ್ಲಿದೆ. ನಾನು ಹಾಡು ಹಚ್ಚಿದೊಡನೆ ಅಡುಗೆಮನೆಯ ಬಾಗಿಲು ಮುಚ್ಚಿಕೊಳ್ಳುತ್ತದೆ.

ಆಮೇಲೆ ವಾಲ್ವ್ ರೇಡಿಯೊ ಬಂತು, ಅದರ ಕಿವಿ ಹಿಂಡುವ ಕಾಲ ಬಂತು. ಸ್ವಿಚ್ಚೂ ವಾಲ್ಯೂಮೂ ಒಂದೇ ಗುಂಡಿಯಲ್ಲಿ. ಟಕ್ ಎಂದು ತಿರುಗಿಸಿ, ವಾಲ್ವ್ ಬಿಸಿಯಾಗುವ ತನಕ ಕಾದು, ದನಿ ಬಂದ ಮೇಲೆ ಹದ ಮಾಡಬೇಕು. ಆ ಹಕ್ಕು ಮನೆಯ ಯಜಮಾನರದ್ದು. ಉಳಿದವರು ಮುಟ್ಟಿದರೆ ನಿಜವಾದ ಕಿವಿಯೇ ಹಿಂಡಿಸಿಕೊಳ್ಳಬೇಕಿತ್ತು. ವರ್ಷಗಳು ಕಳೆದಂತೆ ತಿರುಗಿಸಿದಾಗಲೆಲ್ಲ ಕರಕರ ಶುರು. ರಿಪೇರಿಯವರು ಗುಂಡಿಯ ಹಿಂದಿನ ಪಾಟಿನ, ಅಂದರೆ ಪೊಟೆನ್ಶಿಯೊಮೀಟರಿನ, ಸಂದಿಗೆ ಎರಡು ತೊಟ್ಟು ಪೆಟ್ರೋಲ್ ಬಿಟ್ಟು, ಹತ್ತು ಸಲ ಆ ಕಡೆ ಈ ಕಡೆ ತಿರುಗಿಸಿ, “ಈಗ ನೋಡಿ ಸ್ವಾಮಿ” ಎನ್ನುತ್ತಿದ್ದರು. ಕೆಲವು ತಿಂಗಳು ಚೆನ್ನಾಗಿರುತ್ತಿತ್ತು. ಪೆಟ್ರೋಲಿನ ಜೊತೆ ಒಳಗಿನ ಗ್ರೀಸೂ ತೊಳೆದುಹೋಗುತ್ತಿತ್ತು ಎನ್ನುವುದು ಆಮೇಲಿನ ಮಾತು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಿಂತು “ವಾಲ್ಯೂಮ್ ಕೊಡಿ” ಎಂದರೆ ಅಂಗಡಿಯವರು ತಲೆ ಎತ್ತದೆಯೇ ವಿಚಾರಣೆ ಶುರು ಮಾಡುತ್ತಾರೆ.

“ಸಿಂಗಲ್ಲಾ ಡಬಲ್ಲಾ ಸಾರ್?”

“ಡಬಲ್.”

“ಟೆನ್ ಕೆ, ಫಿಫ್ಟಿ ಕೆ, ಹಂಡ್ರೆಡ್ ಕೆ?”

“ಟೆನ್.”

“ಎ ನಾ, ಬಿ ನಾ?”

ಮೊದಲ ಸಲ ಹೋದವರು ಇಲ್ಲಿ ತಬ್ಬಿಬ್ಬಾಗುತ್ತಾರೆ. ಎ ಅಂದರೆ ಲಾಗ್, ಬಿ ಅಂದರೆ ಲೀನಿಯರ್. ಹಳೆಯ ಕೆಲವು ಯುರೋಪಿಯನ್ ಪಾಟುಗಳಲ್ಲಿ ಎ ಅಂದರೇ ಲೀನಿಯರ್. ಆ ವಿಷಯವನ್ನು ಕೌಂಟರಿನ ಮುಂದೆ ಎತ್ತದಿರುವುದು ಕ್ಷೇಮ, ಹಿಂದೆ ಕ್ಯೂ ಇರುತ್ತದೆ. ಈ ಎರಡು ಜಾತಿಗೆ ಕಾರಣ ನಮ್ಮ ಕಿವಿ. ದನಿ ಎರಡರಷ್ಟು ಜೋರಾಯಿತು ಎಂದು ಕಿವಿ ಒಪ್ಪಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು, ಅಂದರೆ 10 ಡೆಸಿಬೆಲ್ ಏರಬೇಕು. ಲೀನಿಯರ್ ಪಾಟನ್ನು ನಡುಮಧ್ಯಕ್ಕೆ ತಂದರೆ ವೋಲ್ಟೇಜು ಅರ್ಧವಾಗುತ್ತದೆ, ಇಳಿದದ್ದು ಬರೀ 6 ಡೆಸಿಬೆಲ್. ಕಿವಿ ಇದನ್ನು ಲೆಕ್ಕಕ್ಕೇ ಇಡುವುದಿಲ್ಲ. ಏರುವುದೆಲ್ಲ ಮೊದಲ ಕೆಲವು ಡಿಗ್ರಿಗಳಲ್ಲೇ ಏರಿ ಮುಗಿದು, ಮಿಕ್ಕ ಸುತ್ತು ದಂಡ. ಲಾಗ್ ಪಾಟಿನಲ್ಲಾದರೆ ನಡುವೆ ನಿಂತಾಗ ಹತ್ತನೇ ಒಂದು ಪಾಲು ಮಾತ್ರ ಹೊರಬರುತ್ತದೆ, 20 ಡೆಸಿಬೆಲ್ ಇಳಿತ. ಕೈ ತಿರುಗಿದಷ್ಟೂ ಕಿವಿಗೆ ಸಮನಾಗಿ ಏರಿದಂತೆ ತೋರುತ್ತದೆ.

ಹಾಗಾದರೆ ಎ ಕೊಂಡು ಮನೆಗೆ ಹೋದರಾಯಿತಲ್ಲ? ಆಗುತ್ತಿತ್ತು, ಒಳಗೆ ನಿಜವಾಗಿ ಲಾಗ್ ಇದ್ದಿದ್ದರೆ.

ಕೆಟ್ಟ ಟೂ-ಇನ್-ಒನ್ನಿನಿಂದ ಕಿತ್ತ ಸ್ಟೀರಿಯೊ ಪಾಟೊಂದನ್ನು ಬಿಚ್ಚಿ ನೋಡುವುದು ಹತ್ತು ಪುಸ್ತಕ ಓದುವುದಕ್ಕಿಂತ ಮೇಲು. ಹಿಂಬದಿಯ ತಗಡಿನ ನಾಲ್ಕು ಕಿವಿಗಳನ್ನು ಮೂಗಿಕ್ಕಳದಿಂದ ನೆಟ್ಟಗೆ ಮಾಡಿದರೆ ಮುಚ್ಚಳ ಬರುತ್ತದೆ. ಒಳಗೆ ಕಂದು ಬಣ್ಣದ ಬಿಲ್ಲೆ, ಅದರ ಮೇಲೆ ಲಾಳಾಕಾರದ ಕಪ್ಪು ಕಾರ್ಬನ್ ಪಟ್ಟಿ. ಬೆಳಕಿಗೆ ಓರೆಯಾಗಿ ಹಿಡಿದರೆ ಪಟ್ಟಿಯ ಕಪ್ಪು ಒಂದೇ ಅಲ್ಲ, ಎರಡು ಎಂದು ಕಾಣುತ್ತದೆ. ಒಂದು ಕಪ್ಪು ಅರ್ಧಕ್ಕೆ ಮುಗಿದು, ಅದರ ಅಂಚಿನ ಮೇಲೆ ಇನ್ನೊಂದು ಹತ್ತಿ ಕೂತಿರುತ್ತದೆ. ನುಣುಪಾದ ಲಾಗ್ ವಕ್ರರೇಖೆ ಎಂದು ನಾವು ಕೊಂಡದ್ದು ಬಹುಮಟ್ಟಿಗೆ ಎರಡು ನೇರ ಗೆರೆಗಳ ಅಂಟಿಕೆ. ಎರಡೂ ಚಾನೆಲ್ಲಿನ ಪಟ್ಟಿಗಳಲ್ಲಿ ಈ ಅಂಟಿಕೆ ಒಂದೇ ಜಾಗಕ್ಕೆ ಬಂದರೆ ಅದು ನಮ್ಮ ಪುಣ್ಯ.

ಇನ್ನೂ ಸ್ವಾರಸ್ಯದ್ದು ಸವೆತ. ಗುಂಡಿಯೊಡನೆ ತಿರುಗುವ ವೈಪರಿನ ಪುಟ್ಟ ಬೆರಳುಗಳು ಉಜ್ಜಿ ಉಜ್ಜಿ ಹೊಳೆಯುವ ಗೀರು ಬಿದ್ದಿರುತ್ತದೆ. ಎಲ್ಲಿ? ಮೊದಲ ಕಾಲು ಭಾಗದಲ್ಲಿ. ಅಲ್ಲಿಂದ ಮುಂದೆ ಪಟ್ಟಿ ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೇ ಇದೆ. ಒಂದು ಸಂಸಾರ ಅದೆಷ್ಟೋ ವರ್ಷ ಹಾಡು ಕೇಳಿದ್ದರ ದಾಖಲೆ ಅದು. ಮುಕ್ಕಾಲು ಪಾಟು ಕನ್ಯೆಯಾಗಿಯೇ ಉಳಿದಿದೆ.

ವಾಲ್ಯೂಮ್ ಆರಿಸುವವರು ನೋಡಬೇಕಾದ್ದು ಈ ಗೀರನ್ನು ಎಂದು ನನ್ನ ವಾದ. ಕ್ಯಾಟಲಾಗುಗಳು ಗುಂಡಿ ಪೂರ್ತಿ ತಿರುಗಿದಾಗ ಎಷ್ಟು ಚೆನ್ನ ಎಂದು ಹೇಳುತ್ತವೆ. ಪೂರ್ತಿ ತಿರುಗಿಸಿ ಯಾರು ಕೇಳುತ್ತಾರೆ? ನಮ್ಮದು ಮಾಳಿಗೆ ಮೇಲೆ ಮಾಳಿಗೆಯ ಊರು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಾಸದ ಬಡಾವಣೆಗೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಗೊತ್ತುಮಾಡಿವೆ. ನಿಯಮವನ್ನು ಬೀದಿಯ ಮೈಕಿನವರು ಓದಿದ್ದಾರೋ ಇಲ್ಲವೋ, ಮೇಲಿನ ಮನೆಯವರು ಓದಿರುತ್ತಾರೆ. ಮನೆಮಂದಿ ಮಲಗಿದ ಮೇಲೆ ಕೇಳುವ ದನಿಗೆ ಮೂಲಸಂಕೇತವನ್ನು ಮೂವತ್ತೈದು ನಲವತ್ತು ಡೆಸಿಬೆಲ್ ಇಳಿಸಬೇಕು. ಪ್ರಿಆಂಪ್ ತಾನೇ ಹಿಗ್ಗಿಸುತ್ತಿದ್ದರೆ ಐವತ್ತು. ಅಗ್ಗದ ಜೋಡಿ ಪಾಟಿನ ಎರಡು ಪಟ್ಟಿಗಳು ಪರಸ್ಪರ ಮಾತು ಬಿಡುವುದು ಸರಿಯಾಗಿ ಅಲ್ಲೇ. ಒಂದು ಕಡೆ 40 ಇಳಿದಿದ್ದರೆ ಇನ್ನೊಂದು ಕಡೆ 37.

ಮೂರು ಡೆಸಿಬೆಲ್ ವ್ಯತ್ಯಾಸವೆಂದರೆ ಏನೆಂದು ತಿಳಿಯಲು ಮಲ್ಲಿಕಾರ್ಜುನ ಮನ್ಸೂರರ ಹಳೆಯ ಮೊನೊ ಧ್ವನಿಮುದ್ರಣವನ್ನು ಹಚ್ಚಬೇಕು. ಸಂಜೆ ಜೋರಾಗಿ ಕೇಳುವಾಗ ಅವರು ಎರಡು ಸ್ಪೀಕರುಗಳ ನಟ್ಟನಡುವೆ ಕೂತು ಹಾಡುತ್ತಾರೆ. ರಾತ್ರಿ ಗುಂಡಿ ಇಳಿಸುತ್ತ ಬಂದ ಹಾಗೆ ಎದ್ದು, ಶಾಲು ಸರಿಪಡಿಸಿಕೊಂಡು, ಬಲಗಡೆಯ ಪುಸ್ತಕದ ಬೀರುವಿನ ಹತ್ತಿರ ಹೋಗಿ ಕೂರುತ್ತಾರೆ. ಇನ್ನೂ ಇಳಿಸಿದರೆ ಗೋಡೆಗೆ ಒರಗುತ್ತಾರೆ. ಅಷ್ಟು ದೊಡ್ಡವರನ್ನು ಜಾಗ ಬಿಟ್ಟು ಎಬ್ಬಿಸುವ ಪಾಟು ಎಷ್ಟು ಅಗ್ಗವಾದರೂ ಬೇಡ.

ಇದಕ್ಕೆ ಪರಿಹಾರ ಹೇಳಲು ಜನರಿಗೇನು ಕೊರತೆ! ನಮ್ಮ ಬಳಗದಲ್ಲಿ ನಿವೃತ್ತ ಎಂಜಿನಿಯರ್ ರಾಯರೊಬ್ಬರಿದ್ದಾರೆ. ಅವರ ಮಾತು ಯಾವಾಗಲೂ “ಪಾಟ್ ಅನ್ನೋ ವಸ್ತುವೇ ಅನಿಷ್ಟ” ಎಂದು ಶುರುವಾಗುತ್ತದೆ. ಅವರ ಮೊದಲ ಮದ್ದು ಸ್ಟೆಪ್ಡ್ ಅಟೆನ್ಯುಯೇಟರ್. ಇಪ್ಪತ್ತನಾಲ್ಕು ಮನೆಗಳ ರೋಟರಿ ಸ್ವಿಚ್ಚು, ಮನೆಮನೆಗೂ ಶೇಕಡ ಒಂದರ ಮೆಟಲ್ ಫಿಲ್ಮ್ ರೆಸಿಸ್ಟರು. ಎಡಬಲ ಅಳತೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ, ಒಪ್ಪಿದೆ. ಸ್ವಿಚ್ಚು ಮಾತ್ರ ಹಳೆಯ ಮನೆಯನ್ನು ಬಿಡುವ ಮೊದಲೇ ಹೊಸ ಮನೆಯನ್ನು ಹಿಡಿಯುವ ಜಾತಿಯದಾಗಿರಬೇಕು, ಇಲ್ಲವಾದರೆ ಪ್ರತಿ ಹೆಜ್ಜೆಗೂ ಸ್ಪೀಕರು ಗುಟುಕು ಹಾಕುತ್ತದೆ. ಅದನ್ನು ಹುಡುಕಿ ತಂದು, ಬಣ್ಣದ ಗೆರೆಗಳನ್ನು ಭೂತಗನ್ನಡಿಯಲ್ಲಿ ಓದಿ, ಹೆಬ್ಬೆರಳಷ್ಟು ಜಾಗದಲ್ಲಿ ಅಷ್ಟೂ ರೆಸಿಸ್ಟರುಗಳನ್ನು ಬೆಸೆಯುವುದರೊಳಗೆ ಕಣ್ಣಿನ ಡಾಕ್ಟರ ಪರಿಚಯವಾಗುತ್ತದೆ. ಎಲ್ಲ ಆದ ಮೇಲೂ ಒಂದು ಸಂಕಟ ಉಳಿಯುತ್ತದೆ. ಮೆಟ್ಟಿಲಿಗೆ 2 ಡೆಸಿಬೆಲ್ ಇಟ್ಟರೆ ನಮಗೆ ಬೇಕಾದ ದನಿ ಸದಾ ಎರಡು ಮೆಟ್ಟಿಲುಗಳ ನಡುವೆಯೇ ಇರುತ್ತದೆ. ಹತ್ತನೆಯದು ಮೆಲ್ಲಗಾಯಿತು, ಹನ್ನೊಂದನೆಯದು ಜೋರಾಯಿತು.

ರಾಯರ ಎರಡನೇ ಮದ್ದು ರಿಲೇ. ಇದು ಜಾಣತನದ್ದು, ಹೇಳಿಬಿಡಬೇಕು. ಆರೇ ಆರು ರಿಲೇ, ಒಂದೊಂದರ ಪಾಲಿಗೆ 1, 2, 4, 8, 16, 32 ಡೆಸಿಬೆಲ್. ಪಾವು, ಅಚ್ಚೇರು, ಸೇರುಗಳ ಹಾಗೆ ಒಂದರ ಎರಡರಷ್ಟು ಇನ್ನೊಂದು. ಬೇಕಾದ್ದನ್ನು ಕೂಡಿಸಿಕೊಂಡರೆ ಸೊನ್ನೆಯಿಂದ 63ರವರೆಗೆ ಯಾವ ಅಳತೆಯೂ ಸಿಗುತ್ತದೆ. ರಾಯರ ಮನೆಯಲ್ಲಿ ವಾಲ್ಯೂಮ್ ತಿರುಗಿಸಿದರೆ ಡಬ್ಬಿಯೊಳಗೆ ಟಕಟಕ ಟಕಟಕ ಎಂದು ಟೈಪಿಸ್ಟ್ ಒಬ್ಬಳು ಕೂತು ಅರ್ಜಿ ಹೊಡೆಯುವ ಸದ್ದು. 31ರಿಂದ 32ಕ್ಕೆ ದಾಟುವಾಗ ಐದು ರಿಲೇ ಕೈಬಿಟ್ಟು ಒಂದು ಕೈಹಿಡಿಯಬೇಕು. ಆ ಕ್ಷಣಾರ್ಧದಲ್ಲಿ ಯಾರೂ ಹಿಡಿಯದಿದ್ದರೆ ಸ್ಪೀಕರು ಒಮ್ಮೆ ಗದರುತ್ತದೆ. ರಾಯರು ಪ್ರೋಗ್ರಾಮಿನಲ್ಲಿ ಅದಕ್ಕೂ ಉಪಾಯ ಬರೆದಿದ್ದಾರಂತೆ. ಮನೆಯವರು ಕೇಳಿದ್ದು ಬೇರೆ: “ಹಾಡು ಕೇಳೋಕೆ ಪ್ರೋಗ್ರಾಮ್ ಯಾಕೆ ಬರೀಬೇಕು?”

ಚಿಪ್ಪಿನ ಪಕ್ಷದವರು ಇನ್ನೊಂದಿಷ್ಟು ಜನ. ಪಿಜಿಎ2311 ಎಂಬ ಒಂದೇ ಚಿಪ್ಪು ಮೇಲೆ 31.5 ಡೆಸಿಬೆಲ್‌ನಿಂದ ಕೆಳಗೆ ಮೈನಸ್ 95.5ರವರೆಗೆ, ಅರ್ಧರ್ಧ ಡೆಸಿಬೆಲ್ ಹೆಜ್ಜೆಯಲ್ಲಿ, ಎರಡೂ ಚಾನೆಲ್ಲನ್ನು ಕೈಹಿಡಿದು ನಡೆಸುತ್ತದೆ. ಅದಕ್ಕೆ ಅಪ್ಪಣೆ ಕೊಡಲು ಒಂದು ಅರ್ಡುಯಿನೊ ಬೇಕು. ಅರ್ಡುಯಿನೊ ಬಂದ ಮೇಲೆ ರಿಮೋಟ್ ಇಡದಿದ್ದರೆ ಮನಸ್ಸು ಕೇಳುವುದಿಲ್ಲ. ರಿಮೋಟ್ ಇಟ್ಟ ದಿನವೇ ವಾಲ್ಯೂಮ್ ಮೇಲಿನ ಹಕ್ಕು ನಮ್ಮ ಕೈ ಬಿಟ್ಟು ಸೋಫಾದ ಸಂದಿಗೆ ಸೇರುತ್ತದೆ. ಮೋಟಾರು ಕಟ್ಟಿದ ಪಾಟೂ ಉಂಟು. ರಿಮೋಟ್ ಒತ್ತಿದರೆ ಗುಂಡಿ ಯಾರೂ ಮುಟ್ಟದೆ ತಾನೇ ತಿರುಗುತ್ತದೆ. ಪರಿಚಿತರ ಮನೆಯಲ್ಲಿ ಇದನ್ನು ನೋಡಿದ ನಮ್ಮತ್ತೆ ಅವತ್ತು ಅಲ್ಲಿ ಕಾಫಿ ಕುಡಿಯಲಿಲ್ಲ. ಇನ್ನು ಹತ್ತಾರು ಟ್ಯಾಪುಗಳ ಟ್ರಾನ್ಸ್‌ಫಾರ್ಮರಿನಿಂದ ದನಿ ಇಳಿಸುವವರಿದ್ದಾರೆ. ಚೆನ್ನಾಗಿರುತ್ತದೆ. ತೂಕ, ಬೆಲೆ ಎರಡನ್ನೂ ಎತ್ತುವ ಶಕ್ತಿ ಇರಬೇಕು.

ನಾನು ಮನಸೋತದ್ದು ಪೀಟರ್ ಬ್ಯಾಕ್ಸಂಡಾಲ್ ಎಂಬ ಬ್ರಿಟಿಷ್ ಎಂಜಿನಿಯರನಿಗೆ. ಆಂಪ್ಲಿಫೈಯರುಗಳ ಬಾಸ್, ಟ್ರೆಬಲ್ ಗುಂಡಿಗಳ ಹಿಂದೆ ಇವತ್ತಿಗೂ ಇರುವುದು ಬಹುಪಾಲು ಆತ 1952ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿದ ಸರ್ಕ್ಯೂಟೇ. 1980ರಲ್ಲಿ ಅದೇ ಪತ್ರಿಕೆಯಲ್ಲಿ ಆತ ವಾಲ್ಯೂಮಿಗೂ ಒಂದು ದಾರಿ ತೋರಿಸಿದ. ಉಳಿದವರು ಮೊದಲು ಹಿಗ್ಗಿಸಿ ಆಮೇಲೆ ಚೆಲ್ಲುತ್ತಾರೆ, ಇಲ್ಲವೇ ಮೊದಲು ಚೆಲ್ಲಿ ಆಮೇಲೆ ಉಳಿದದ್ದನ್ನು ಗದ್ದಲದ ಸಮೇತ ಹಿಗ್ಗಿಸುತ್ತಾರೆ. ಬ್ಯಾಕ್ಸಂಡಾಲ್ ಹಿಗ್ಗಿಸುವ ಪ್ರಮಾಣವನ್ನೇ ಗುಂಡಿಗೆ ಕೊಟ್ಟ. ಪಾಟಿನ ಒಂದು ತುದಿ ಒಳಬರುವ ಸಂಕೇತಕ್ಕೆ, ಇನ್ನೊಂದು ತುದಿ ಹೊರಹೋಗುವ ಸಂಕೇತಕ್ಕೆ. ನಡುವಿನ ಕಾಲು ಒಂದು ಬಫರಿನ ಮೂಲಕ ಉಲ್ಟಾ ಹಿಗ್ಗಿಸುವ ಆಪ್-ಆಂಪಿಗೆ. ಅಷ್ಟೇ. ಗುಂಡಿ ಇಳಿಸಿದಾಗ ಆಂಪ್ಲಿಫೈಯರೇ ಕಡಿಮೆ ಹಿಗ್ಗಿಸುತ್ತದೆ, ಅದರ ಗದ್ದಲವೂ ಜೊತೆಯಲ್ಲಿ ಇಳಿಯುತ್ತದೆ.

ಸೊಗಸು ಇರುವುದು ಇದಕ್ಕೆ ಬಿ ಪಾಟು ಸಾಕು ಎನ್ನುವುದರಲ್ಲಿ. ಎರಡು ಕಪ್ಪಿನ ಅಂಟಿಕೆ ಇಲ್ಲದ, ಸಾದಾ, ಲೀನಿಯರ್ ಪಾಟು. ಲಾಗ್ ಆಗುವ ಕೆಲಸವನ್ನು ಸರ್ಕ್ಯೂಟೇ ಮಾಡಿಕೊಳ್ಳುತ್ತದೆ. ಹಿಗ್ಗಿಸುವ ಗರಿಷ್ಠ ಪ್ರಮಾಣವನ್ನು 4 ಪಟ್ಟು ಎಂದು ಇಟ್ಟರೆ, ಗುಂಡಿ ಪೂರ್ತಿ ತಿರುಗಿದಾಗ 12 ಡೆಸಿಬೆಲ್ ಏರಿಕೆ. ನಡುವಿನಲ್ಲಿ ಮೂರೂವರೆ ಡೆಸಿಬೆಲ್ ಇಳಿಕೆ. ಕಾಲು ಭಾಗದಲ್ಲಿ 12 ಡೆಸಿಬೆಲ್ ಇಳಿಕೆ. ಪಟ್ಟಿಯೊಂದು 9 ಕೆ, ಇನ್ನೊಂದು 11 ಕೆ ಇದ್ದರೂ ಚಿಂತೆಯಿಲ್ಲ. ನಡೆಯುವುದು ವೈಪರು ಎಲ್ಲಿ ನಿಂತಿದೆ ಎಂಬ ಅನುಪಾತದ ಮೇಲೆ. ಮನ್ಸೂರರು ಕೂತಲ್ಲೇ ಕೂರುತ್ತಾರೆ. ಸಂಕೇತ ಉಲ್ಟಾ ಆಗಿ ಬರುತ್ತದೆ ಎಂಬುದೊಂದು ಕೊಂಕು. ಎರಡೂ ಸ್ಪೀಕರಿನ ತಂತಿಗಳನ್ನು ಅದಲುಬದಲು ಮಾಡಿದರೆ ಅದೂ ನೆಟ್ಟಗಾಗುತ್ತದೆ. ಬೇಕಾದ್ದು ಚಾನೆಲ್ಲಿಗೆ ಎರಡು ಆಪ್-ಆಂಪ್, ಅಂದರೆ ಒಂದು 5532. ಈ ಲೇಖನದ ಮೊದಲಲ್ಲಿ ಹೇಳಿದ ದೋಸೆಯ ಲೆಕ್ಕದಲ್ಲೇ ಮುಗಿಯಿತು.

ಇಷ್ಟು ಹೊಗಳಿದ ಮೇಲೆ ಒಂದು ಮಾತು ಸೇರಿಸದಿದ್ದರೆ ನ್ಯಾಯವಲ್ಲ. ಬ್ಯಾಕ್ಸಂಡಾಲ್ ಒಬ್ಬನೇ ನಮ್ಮ ರಾತ್ರಿಯ ಸಂಗೀತವನ್ನು ಕಾಯಲಾರ. ಮೂವತ್ತಾರು ಡೆಸಿಬೆಲ್ ಇಳಿಸಬೇಕೆಂದರೆ ಅವನ ಗುಂಡಿಯೂ ಸುತ್ತಿನ ಶೇಕಡ ಎರಡರಷ್ಟು ಜಾಗದಲ್ಲಿ ನಿಲ್ಲಬೇಕಾಗುತ್ತದೆ. ಅಲ್ಲಿ ಬೆರಳು ಸೋಕಿದರೆ ಜೋರು, ಉಸಿರು ಬಿಟ್ಟರೆ ಮೌನ. ಯಾವ ಪಾಟೂ ತನ್ನ ಗೇಟಿನ ಬಾಯಲ್ಲಿ ನಿಂತು ಮರ್ಯಾದೆಯಿಂದ ಕೆಲಸ ಮಾಡುವುದಿಲ್ಲ. ಆದ್ದರಿಂದ ಮಾಡಬೇಕಾದ್ದು ಹವ್ಯಾಸಿಗಳು ಮಾಡಲು ನಾಚುವ ಕೆಲಸ: ದನಿಯನ್ನು ಒಟ್ಟಾರೆ ತಗ್ಗಿಸುವುದು. ಪವರ್ ಆಂಪಿನ ಬಾಗಿಲಲ್ಲಿ, ಒಂದೊಂದು ಚಾನೆಲ್ಲಿಗೆ ಒಂದು 10 ಕೆ ರೆಸಿಸ್ಟರನ್ನು ದಾರಿಯಲ್ಲೂ, ಒಂದು 1 ಕೆ ರೆಸಿಸ್ಟರನ್ನು ಅಲ್ಲಿಂದ ನೆಲಕ್ಕೂ ಹಾಕಿದರೆ ಹನ್ನೊಂದನೇ ಒಂದು ಪಾಲು ಮಾತ್ರ ಒಳಗೆ ಹೋಗುತ್ತದೆ. ಸುಮಾರು 21 ಡೆಸಿಬೆಲ್ ಇಳಿತ, ಪ್ರಿಆಂಪಿನ ಉಳಿಕೆ ಗದ್ದಲಕ್ಕೂ ಅಷ್ಟೇ ಇಳಿತ. ಯಾವ ಹವ್ಯಾಸಿಯ ಡಬ್ಬಿಯಲ್ಲಾದರೂ ಕೈ ಹಾಕಿದರೆ ಸಿಗುವ ಮಾಲು ಇದು.

ಈಗ ಲೆಕ್ಕ ಹಾಕಿ. ಸಿ.ಡಿ.ಯ 2 ವೋಲ್ಟ್ ನಾಲ್ಕು ಪಟ್ಟಾದರೆ 8, ಅದರಲ್ಲಿ ಹನ್ನೊಂದನೇ ಒಂದು 0.73. ಆಂಪಿನ ಪೂರ್ತಿ ಶಕ್ತಿಗೆ ಬೇಕಾದ್ದು 0.8. ಗುಂಡಿಯನ್ನು ಕೊನೆ ಮುಟ್ಟುವ ತನಕ ತಿರುಗಿಸಿದರೂ ಆಂಪು ಹರಿದ ದನಿ ಹೊರಡಿಸುವುದಿಲ್ಲ. ಮೊಮ್ಮಕ್ಕಳು ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ರಾತ್ರಿಯ ದನಿಗೆ ಗುಂಡಿ ಐದನೇ ಒಂದು ಭಾಗದಲ್ಲಿ ನಿಲ್ಲುತ್ತದೆ, ಹಗಲು ಜೋರಾಗಿ ಕೇಳುವಾಗ ಐದನೇ ನಾಲ್ಕರಲ್ಲಿ. ಕುಕ್ಕರು ಕೂಗಿದಾಗ ಏರಿಸಲು, ಫೋನು ಬಂದಾಗ ಇಳಿಸಲು ನಡುವೆ ಬೇಕಾದಷ್ಟು ಜಾಗ.

ರಾಯರು ಇದನ್ನು ಕೇಳಿ, “ಹಿಗ್ಗಿಸಿ, ಆಮೇಲೆ ಎರಡು ರೆಸಿಸ್ಟರ್ ಹಾಕಿ ಕುಗ್ಗಿಸೋದಾ? ಇದೆಂಥಾ ಎಂಜಿನಿಯರಿಂಗು!” ಎಂದು ಮೂಗೆಳೆದರು. ಎಂಜಿನಿಯರಿಂಗ್ ಮೂಗೆಳೆಯಲಿ, ಕಿವಿಗೆ ತಕರಾರಿಲ್ಲ. ಒಂದೇ ಒಂದು ಅಪವಾದ: ದನಿ ಬಹಳ ಇಳಿಸಿದಾಗ ಮೃದಂಗದ ತೊಪ್ಪಿಯ ಗುಮಕು ಮಾಯವಾಗುತ್ತದೆ. ಅದು ಪಾಟಿನ ತಪ್ಪಲ್ಲ. ಮೆಲುದನಿಯಲ್ಲಿ ಮಂದ್ರ ನಮ್ಮ ಕಿವಿಗೇ ಕಡಿಮೆ ಕೇಳಿಸುತ್ತದೆಂದು ಫ್ಲೆಚರ್, ಮನ್ಸನ್ ಎಂಬಿಬ್ಬರು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಳೆಯ ಸೆಟ್ಟುಗಳಲ್ಲಿ ಲೌಡ್‌ನೆಸ್ ಎಂಬ ಸ್ವಿಚ್ಚು ಇದ್ದದ್ದು ಇದಕ್ಕೇ. ಬೇಕಾದವರು ಬಾಸ್ ಗುಂಡಿಯನ್ನು ಚೂರು ಏರಿಸಿಕೊಳ್ಳಲಿ, ಅದೂ ಬ್ಯಾಕ್ಸಂಡಾಲನದೇ.

ಆದ್ದರಿಂದ ಹೊಸದಾಗಿ ಕಟ್ಟುವವರಿಗೆ ನನ್ನ ಬಿನ್ನಹ ಇಷ್ಟು. ಮೊದಲು ನಿಮ್ಮ ಈಗಿನ ಸೆಟ್ಟಿನ ಗುಂಡಿ ರಾತ್ರಿ ಹತ್ತು ಗಂಟೆಗೆ ಎಲ್ಲಿ ನಿಲ್ಲುತ್ತದೆ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿಕೊಳ್ಳಿ. ಅದು ಕಾಲು ಸುತ್ತಿನೊಳಗೇ ಇದ್ದರೆ ದುಬಾರಿ ಪಾಟ್ ಹುಡುಕಬೇಡಿ, ಎರಡು ರೆಸಿಸ್ಟರ್ ಹುಡುಕಿ. ಆಮೇಲೆ 10 ಕೆ, ಡಬಲ್, ಬಿ ಎಂದು ಕೇಳಿ ತನ್ನಿ. ಎಸ್.ಪಿ. ರೋಡಿಗೆ ಹೋಗುವಾಗ ಗುಂಡಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಕೂರಿಸಿ ನೋಡಿ. ಪಾಟಿನ ದಂಡ 6 ಮಿಲಿಮೀಟರ್ ಇರುತ್ತದೆ, ಗುಂಡಿಯ ತೂತು ಕಾಲು ಇಂಚು, ಅಂದರೆ 6.35 ಇರುತ್ತದೆ. ಭಾನುವಾರ ಅಲ್ಲಿ ಬಹುತೇಕ ಅಂಗಡಿಗಳು ಬಾಗಿಲು ತೆಗೆಯುವುದಿಲ್ಲ.